ಕುತ್ತಿಗೆಯ ನಕಾಶೆ

ಕುತ್ತಿಗೆ ನೋವಿನಷ್ಟು ಮರ್ಯಾದೆಗೆಟ್ಟ ನೋವು ಇನ್ನೊಂದಿಲ್ಲ. ಕಾಲು ಮುರಿದವನಿಗೆ ಜನ ಎಳನೀರು ತರುತ್ತಾರೆ, ಜ್ವರ ಬಂದವನ ಹಣೆ ಮುಟ್ಟಿ ನೋಡುತ್ತಾರೆ. ಕುತ್ತಿಗೆ ತಿರುಗದವನನ್ನು ಕಂಡರೆ ಮಾತ್ರ ಸೊಕ್ಕು ಬಂದಿದೆ ಎಂದು ತೀರ್ಮಾನಿಸಿಬಿಡುತ್ತಾರೆ. ನವಲಗುಂದದಂಥ ಊರಿನಲ್ಲಿ ಕಂಡವರಿಗೆಲ್ಲ ‘ಊಟ ಆತೇನ್ರಿ’ ಎನ್ನಲೇಬೇಕು. ನನ್ನ ಕುತ್ತಿಗೆ ಎಡಕ್ಕೆ ತಿರುಗುವುದನ್ನು ಬಿಟ್ಟ ಮೇಲೆ ರಸ್ತೆಯ ಬಲಗಡೆಯವರು ನನ್ನನ್ನು ಸಜ್ಜನನೆಂದೂ ಎಡಗಡೆಯವರು ಅಹಂಕಾರಿಯೆಂದೂ ತಿಳಿಯತೊಡಗಿದರು.

ಎಡಗಡೆಯವರಲ್ಲಿ ಈರಪ್ಪನೂ ಒಬ್ಬ. ಬಸ್‌ಸ್ಟ್ಯಾಂಡಿನ ಹತ್ತಿರ ಹತ್ತಿಬೀಜದ ಅಂಗಡಿ ಇಟ್ಟಿದ್ದಾನೆ. ನಾವಿಬ್ಬರೂ ಒಂದೇ ಜಮಖಾನದ ಮೇಲೆ ಉರುಳಾಡಿ ಬೆಳೆದವರು. ಒಂದು ಮುಂಜಾನೆ ನಾನು ಆಫೀಸಿಗೆ ಹೊರಟಾಗ ಅವನು ಅಂಗಡಿಯಿಂದ ‘ಏ ಬಸ್ಯಾ, ಚಾ ಕುಡದು ಹೋಗಲೇ’ ಎಂದು ಕೂಗಿದ. ಕುತ್ತಿಗೆ ತಿರುಗಲಿಲ್ಲ. ಮುಂದೆ ನೋಡುತ್ತಲೇ ಕೈ ಎತ್ತಿ ನಡೆದುಬಿಟ್ಟೆ. ಅಂದಿನಿಂದ ಅವನ ಮಾತು ಬಂದ್. ಸಂಜೆ ಬರುವಾಗ ಅಂಗಡಿ ನನ್ನ ಬಲಕ್ಕೆ ಬೀಳುತ್ತದೆ, ಆದರೆ ಆಗ ನಾನು ನೋಡಿದರೆ ಅವನು ನೋಡುವುದಿಲ್ಲ. ಅವನಿಲ್ಲದ ಸಂಜೆ ನನಗೆ ಸೇರುವುದಿಲ್ಲ, ಅನ್ನ ಕೂಡ ರುಚಿಸುವುದಿಲ್ಲ. ಹೋಗಿ ಹೇಳಬಾರದಿತ್ತೇ ಎನ್ನುತ್ತೀರಿ. ನೋವು ತಿಂದವನು ನಾನು, ಕ್ಷಮೆ ಕೇಳುವವನೂ ನಾನೇ ಏನು? ಕುತ್ತಿಗೆ ಸರಿಯಾಗಲಿ, ತಿರುಗಿಸಿಯೇ ತೋರಿಸುತ್ತೇನೆ ಎಂದು ಹಟ ಹಿಡಿದೆ.

ಊರಿನ ವೈದ್ಯಕೀಯ ಜ್ಞಾನವೆಲ್ಲ ನನ್ನ ಹೆಗಲ ಮೇಲೆ ಪ್ರಯೋಗವಾಯಿತು. ಒಬ್ಬ ದಿಂಬು ಬಿಡು ಎಂದ, ಇನ್ನೊಬ್ಬ ಎರಡು ದಿಂಬು ಇಟ್ಟುಕೋ ಎಂದ. ಕ್ಷೌರದವನು ತಲೆ ಹಿಡಿದು ಲಟಕ್ಕೆಂದು ತಿರುವಿ, ಬಲಕ್ಕೆ ಬರುತ್ತಿದ್ದುದನ್ನೂ ಎಂಟು ದಿನ ನಿಲ್ಲಿಸಿದ. ಕೊನೆಗೆ ಹುಬ್ಬಳ್ಳಿಯ ಫಿಸಿಯೋಥೆರಪಿ ಡಾಕ್ಟರಮ್ಮನ ಮುಂದೆ ಕುಳಿತೆ. ಎಕ್ಸ್‌ರೇ ನೋಡಿ ಆಕೆ, ‘ಸರ್, ನಿಮ್ಮ ಕುತ್ತಿಗಿ ಸರಿ ಐತ್ರಿ. ಮೆದುಳಿನಾಗ ಅದರ ನಕಾಶಿ ಮಸುಕಾಗೇತ್ರಿ’ ಅಂದಳು.

ನಾನು ಸರ್ವೇಯರ್. ನಕಾಶೆ ಸರಿ ಇದೆ, ನಿಮ್ಮ ಬದುವೇ ತಪ್ಪಿದೆ ಎಂದು ರೈತರಿಗೆ ಹೇಳಿ ಹೇಳಿಯೇ ಕೂದಲು ಹಣ್ಣಾದವನು. ನನಗೇ ನಕಾಶೆ ತಪ್ಪಿದೆ ಎನ್ನುತ್ತಾಳಲ್ಲ ಈ ಹುಡುಗಿ. ಔಷಧ ಏನು ಎಂದರೆ ಫೋನಿನಲ್ಲಿ ಒಂದಿಷ್ಟು ಚಿತ್ರ ಹಾಕಿಕೊಟ್ಟಳು. ಒಬ್ಬ ಬೋಳುತಲೆಯ ಪರದೇಶಿ ಕುತ್ತಿಗೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಿ ನಿಂತಿದ್ದಾನೆ. ಯಾವ ಕಡೆ ಎಂದು ನಾನು ಥಟ್ಟನೆ ಹೇಳಬೇಕು. ಹೇಳುತ್ತ ಹೇಳುತ್ತ ಮೆದುಳು ಚುರುಕಾಗಿ ಕುತ್ತಿಗೆ ಹಗುರಾಗುತ್ತದಂತೆ. ಪಕ್ಕದ ಮನೆಯವರು ಹೋಳಿಗೆ ಉಂಡರೆ ನನ್ನ ಹೊಟ್ಟೆ ತುಂಬುತ್ತದೆಯೇ? ಇದಕ್ಕೆ ಫೀಜು ಬೇರೆ.

ಆದರೂ ಈರಪ್ಪನ ಮುಖ ನೆನೆದು ಶುರುಮಾಡಿದೆ. ಬಲ ಎಂದು ಒತ್ತಿದರೆ ಫೋನು ತಪ್ಪು ಎಂದು ಗುರ್ ಎನ್ನುತ್ತಿತ್ತು. ಜಿಲ್ಲೆಯ ಅರ್ಧ ಹೊಲಗಳ ದಿಕ್ಕು ಗೊತ್ತುಮಾಡಿದ ನನಗೆ ಒಂದು ಬೋಳುತಲೆಯ ದಿಕ್ಕು ತಿಳಿಯಲಿಲ್ಲ. ‘ಇವನs ತಪ್ಪು ನಿಂತಾನ’ ಎಂದು ಬೈದೆ. ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ಗಿರಿಜಾ ಇಣುಕಿ ನೋಡಿ, ತನ್ನ ಕುತ್ತಿಗೆಯನ್ನು ಒಂದಿಷ್ಟು ತಿರುಗಿಸಿ, ‘ಎಡಕ್ಕರಿ’ ಅಂದಳು. ಸರಿಯಾಗಿತ್ತು. ಮುಂದಿನದೂ ಸರಿಯಾಯಿತು.

‘ನಿನಗ ಹೆಂಗ ತಿಳೀತು?’

‘ನೀವು ಮ್ಯಾಲಿಂದ ನಕಾಶಿ ನೋಡಿದಂಗ ನೋಡ್ತೀರಿ. ಅವನ ಜಾಗಾದಾಗ ನಿಂತು ನೋಡ್ರಿ’ ಅಂದು ಒಲೆಗೆ ಹೋದಳು. ಹೆಂಡತಿಯ ಬುದ್ಧಿವಾದದಿಂದ ನೋವು ಹೆಚ್ಚಾಗುತ್ತದೆಯೇ ಹೊರತು ಇಳಿಯುವುದಿಲ್ಲ ಎಂದುಕೊಂಡೆ. ಆದರೆ ಅವಳು ಹೇಳಿದಂತೆ ನೋಡತೊಡಗಿದ ಮೇಲೆ ಗುರ್ ಎನ್ನುವುದು ಕಡಿಮೆಯಾಯಿತು. ಎರಡು ತಿಂಗಳಾದ ಮೇಲೆ ಒಂದು ಮುಂಜಾನೆ, ಕನ್ನಡಿಯ ಮುಂದೆ ಕುತ್ತಿಗೆ ಎಡಕ್ಕೆ ಸರಾಗವಾಗಿ ಬಂತು. ಚಿತ್ರದಿಂದ ಬಂತೋ, ತಾನಾಗಿ ಬಂತೋ, ದೇವರೇ ಬಲ್ಲ. ಡಾಕ್ಟರಮ್ಮನಿಗೆ ಕೀರ್ತಿ ಕೊಡಲು ನನಗಿನ್ನೂ ಮನಸ್ಸಿಲ್ಲ.

ಅಂಗಿ ಹಾಕಿಕೊಂಡವನೇ ಈರಪ್ಪನ ಅಂಗಡಿಯ ಮುಂದೆ ನಿಂತೆ. ಮೈ ಅಲುಗಿಸದೆ, ಕುತ್ತಿಗೆಯನ್ನಷ್ಟೇ ಠೀವಿಯಿಂದ ಎಡಕ್ಕೆ ಹೊರಳಿಸಿ, ‘ನೋಡಲೇ, ಹೊಳ್ಳೇತಿ’ ಅಂದೆ. ಒಳಗೆ ಕರೆಯುವ ಮೊದಲೇ ಹೋಗಿ ಸ್ಟೂಲಿನ ಮೇಲೆ ಕುಳಿತು ನೋವಿನ ಕಥೆಯನ್ನೆಲ್ಲ ಹೇಳಿದೆ. ಅವನು ನನ್ನ ಎಡಕ್ಕೆ ಕುಳಿತು ಪೂರ್ತಿ ಕೇಳಿದ.

‘ನಿನ್ನ ಕುತ್ತಿಗಿ ಹಿಡದದ್ದು ನನಗ ಅವತ್ತs ಗೊತ್ತಿತ್ತು’ ಅಂದ.

‘ಮತ್ತ ಸಿಟ್ಟು ಯಾಕ?’

‘ಕುತ್ತಿಗಿ ಹೊಳ್ಳಲಿಲ್ಲ, ಖರೆ. ಕಾಲಿಗೇನಾಗಿತ್ತು? ಪೂರಾ ಮೈ ಹೊಳ್ಳಿಸಿ ನಿಂತಿದ್ರ ನಾ ಕಾಣ್ತಿದ್ದಿಲ್ಲೇನು?’

ಇಷ್ಟು ದಿನ ಒಮ್ಮೆಯೂ ಅದು ನನಗೆ ಹೊಳೆದಿರಲಿಲ್ಲ. ಚಾ ಬಂತು. ನಾನು ಎದ್ದು ಸ್ಟೂಲನ್ನೇ ಅವನ ಕಡೆಗೆ ತಿರುಗಿಸಿಕೊಂಡು ಕುಳಿತೆ.