ದೊಡ್ಡಮ್ಮ ಒಪ್ಪದ ಕಂಪನಿ

ನಮ್ಮ ದೊಡ್ಡಮ್ಮನಿಗೆ ದೇವರು ಪ್ರತ್ಯಕ್ಷನಾದರೂ, "ನಿಮ್ಮದು ಯಾವ ಕಂಪನಿ?" ಎಂದು ಕೇಳಿಯೇ ಅವರು ಕೈಮುಗಿಯುವುದು. ಉತ್ಪ್ರೇಕ್ಷೆ ಅನ್ನುತ್ತೀರಾ? ನೀವು ಅವರ ಜೊತೆ ಮಿಕ್ಸಿ ಕೊಳ್ಳಲು ಹೋಗಿಲ್ಲ, ಅದಕ್ಕೆ!

ಮೂಡುಬಿದಿರೆಯಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಟೀಚರಾಗಿದ್ದವರು. ತೊಂಬತ್ತರ ದಶಕದಲ್ಲಿ ಗಲ್ಫಿನಿಂದ ಬಂದ ಟಿ.ವಿ.ಯ ಪರದೆಯ ಸ್ಟಿಕ್ಕರನ್ನು ಕೀಳಲು ಅವರು ಬಿಡಲೇ ಇಲ್ಲ. ವಾರ್ತೆ ಓದುವವಳ ಎಡಗೆನ್ನೆಯ ಮೇಲೆ ಕಂಪನಿಯ ಹೆಸರು ಆರು ವರ್ಷ ಕುಳಿತಿತ್ತು. ನಾನೊಮ್ಮೆ ಉಗುರು ಹಾಕಿದ್ದಕ್ಕೆ ಬೆನ್ನಿಗೆ ಬಿದ್ದ ಪೆಟ್ಟು ಇನ್ನೂ ನೆನಪಿದೆ.

ಮುಂದಿನ ದಶಕ ಮುಗಿಯುವ ಹೊತ್ತಿಗೆ ಅವರ ಕಣ್ಣು ಮಂಜಾಯಿತು. ದಿನಕ್ಕೊಂದು ಪುಸ್ತಕ ಮುಗಿಸುತ್ತಿದ್ದವರು ಸುಮ್ಮನೆ ಗೋಡೆ ನೋಡುತ್ತ ಕೂರತೊಡಗಿದರು. ಬಂಟ್ವಾಳದ ಕಣ್ಣಿನ ಡಾಕ್ಟರು, "ದೊಡ್ಡ ಅಕ್ಷರವಾದರೆ ಇನ್ನೂ ಸ್ವಲ್ಪ ಕಾಲ ಓದಬಹುದು" ಎಂದರು. ದುಬೈಯ ಗೆಳೆಯನಿಗೆ ದುಂಬಾಲು ಬಿದ್ದು ಇ-ರೀಡರ್ ತರಿಸಿದೆ. ಪುಸ್ತಕ ಓದುವ ಯಂತ್ರ. ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಬಹುದು. ಅವರು ಕಲಿಸುತ್ತಿದ್ದ ಎಂಟನೇ ಕ್ಲಾಸಿನ ಪಾಠಪುಸ್ತಕವನ್ನು ಟೈಪ್ ಮಾಡಿ ತುಂಬಿಸಿ, ಬೆಳ್ತಂಗಡಿಯಿಂದ ಮೂಡುಬಿದಿರೆಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋದೆ.

ದೊಡ್ಡಮ್ಮ ಅದನ್ನು ಬೆರಳಿನಿಂದ ಸವರಿದರು.

"ಇದು ಯಾವ ಕಂಪನಿ ಮಾರಾಯ? ತೂಕದ ಕಲ್ಲಿನ ಹಾಗೆ ಉಂಟು."

"ಅಕ್ಷರ ನೋಡಿ ದೊಡ್ಡಮ್ಮ."

"ಅಕ್ಷರವೂ ಹಾಗೆಯೇ. ಹೆಸರಿಲ್ಲದ ಕಂಪನಿ ಅಲ್ವಾ? ಪಕ್ಕದ ಮನೆಯ ಇಂಜಿನಿಯರನದ್ದು ನೋಡಬೇಕು ನೀನು. ಬಿಳಿ, ತೆಳ್ಳಗೆ. ಅಕ್ಷರ ಮುತ್ತಿನ ಹಾಗೆ ಉಂಟು!"

ಹೋಗಿ ನೋಡಿದೆ. ಆ ಯಂತ್ರ ಇನ್ನೂ ಚಾರ್ಜೇ ಆಗಿರಲಿಲ್ಲ! ದೊಡ್ಡಮ್ಮ ಹೊಗಳಿದ ಮುತ್ತುಗಳು ಪರದೆಗೆ ಅಂಟಿಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಕಂಪನಿಯವರೇ ಅಚ್ಚು ಹಾಕಿದವು. ನನಗೆ ಮೈಯೆಲ್ಲ ಉರಿಯಿತು. ಚೂಪು ಮೂಲೆ ಉರುಟು ಮಾಡಿ, ಬಿಳಿ ಬಣ್ಣ ಬಳಿದು, ಹಿಂದೊಂದು ಗುರುತು ಒತ್ತಿಬಿಟ್ಟರೆ ಓದು ಬರಹ ಕಲಿಸಿದವರ ಬುದ್ಧಿಯೂ ಮಂಕಾಗಬೇಕೇ? ಹಾಳಾಗಿ ಹೋಗಲಿ ಈ ಕಂಪನಿಗಳು!

ಮುಂದಿನ ಭಾನುವಾರ ಇಂಜಿನಿಯರನ ಖಾಲಿ ಡಬ್ಬಿಯಿಂದ ಕಂಪನಿಯ ಗುರುತನ್ನು ಕತ್ತರಿಸಿ ತಂದೆ. ಶಾಲೆಯ ಪುಸ್ತಕಕ್ಕೆ ಬೈಂಡ್ ಹಾಕುವಂತೆ ನನ್ನ ಯಂತ್ರಕ್ಕೆ ಪರದೆಯಷ್ಟು ಬಿಟ್ಟು ಬಿಳಿ ಕಾಗದ ಹೊದಿಸಿ, ಪರದೆಯ ಕೆಳಗೆ ಗುರುತು ಅಂಟಿಸಿದೆ. ಮನೆಯವರೆಲ್ಲರ ಎದುರು ಓದಿಸಿ, ಆಮೇಲೆ ಗುರುತು ಕಿತ್ತು ದೊಡ್ಡಮ್ಮನ ಮುಖಭಂಗ ಮಾಡಬೇಕು. ಅಷ್ಟು ಸಿಟ್ಟು ನನಗೆ!

"ಕಂಪನಿಯದ್ದೇ ತಂದಿದ್ದೇನೆ. ನಿಮ್ಮ ಪಾಠಪುಸ್ತಕ ಉಂಟು, ಮೊದಲಿನಿಂದ ಓದಿ."

ಗುರುತನ್ನು ಸವರಿದರು. "ಹಾಂ, ಕಂಪನಿ ಅಂದ್ರೆ ಇದು!"

ಕನ್ನಡಕ ಏರಿಸಿ ಮೊದಲ ಪಾಠ ಓದತೊಡಗಿದರು. ಒಂದು ತಡವರಿಕೆ ಇಲ್ಲ, ಅಲ್ಪವಿರಾಮ ಬಂದಲ್ಲೆಲ್ಲ ಹದವಾಗಿ ನಿಂತು. ಗೆದ್ದೆನೆಂದು ಬಗ್ಗಿ, ಗುರುತು ಕೀಳಲು ಅಂಚಿಗೆ ಉಗುರು ಹಾಕಿದೆ.

ಪರದೆ ಖಾಲಿ ಇತ್ತು. ಗಡಿಬಿಡಿಯಲ್ಲಿ ನಾನು ಯಂತ್ರವನ್ನು ಆನ್ ಮಾಡಿಯೇ ಇರಲಿಲ್ಲ.

ದೊಡ್ಡಮ್ಮ ಓದು ನಿಲ್ಲಿಸಿದರು. "ಒಳ್ಳೆ ಕಂಪನಿ, ಅಲ್ವಾ?" ಎನ್ನುತ್ತ ಗುರುತನ್ನು ಮತ್ತೆ ಸವರಿದರು. ಕಣ್ಣು ಪೂರ್ತಿ ಹೋಯಿತೆಂದು ಹೇಳಲಾಗದೆ ಇಷ್ಟು ದಿನ ಕಂಪನಿಯನ್ನು ಬೈದಿದ್ದರು. ನನ್ನ ಸಿಟ್ಟಿನ ಬಗ್ಗೆ ನನಗೇ ನಾಚಿಕೆಯಾಯಿತು.

"ಒಳ್ಳೆ ಕಂಪನಿ ದೊಡ್ಡಮ್ಮ. ಅಕ್ಷರ ಮುತ್ತಿನ ಹಾಗೆ ಉಂಟು. ಕೊಡಿ, ಎರಡನೇ ಪಾಠ ನಾನು ಓದುತ್ತೇನೆ. ಉಚ್ಚಾರ ತಪ್ಪಿದರೆ ಹೇಳಿ."

ಅಂಚು ಎದ್ದಿದ್ದ ಆ ಗುರುತನ್ನು ಹೆಬ್ಬೆರಳಿನಿಂದ ಮತ್ತೆ ಗಟ್ಟಿಯಾಗಿ ಒತ್ತಿ ಅಂಟಿಸಿ, ಯಂತ್ರ ಆನ್ ಮಾಡಿ ಓದತೊಡಗಿದೆ.