ಟ್ರಂಕಿನ ಮೇಲಿನ ಹೆಸರು

ಕಲಾ ಇತಿಹಾಸ ಓದಲು ನೆರವು ಕೇಳಿದವನನ್ನು ಜನ ಈಗಲೂ ಕಳ್ಳನನ್ನು ನೋಡಿದಂತೆ ನೋಡುತ್ತಾರೆ. ಮೊನ್ನೆ ಮೊಮ್ಮಗಳ ಅರ್ಜಿ ತಿರುಗಿ ಬಂತು. ನನ್ನ ಹಳೆಯ ಸಿಟ್ಟು ಎದ್ದು ಕೂತಿತು.

ನಾನು ಬಾದಾಮಿಯವ. ಎಪ್ಪತ್ತರ ದಶಕದ ಕೊನೆಯಲ್ಲಿ ಬರೋಡಾದಲ್ಲಿ ಎಂ.ಎ.ಗೆ ಸೀಟು ಸಿಕ್ಕಿತ್ತು. ತಿಂಗಳೊಳಗೆ ಫೀ ಕಟ್ಟದಿದ್ದರೆ ಸೀಟಿಲ್ಲ. ಅಪ್ಪನ ಹತ್ತಿರ ಇದ್ದದ್ದು ಆಶೀರ್ವಾದ ಮಾತ್ರ.

ಬಾಗಲಕೋಟೆ

ವಿದ್ಯಾರ್ಥಿವೇತನದ ಕಚೇರಿ. ಗುಮಾಸ್ತ ಅರ್ಜಿ ನೋಡಿದ.

‘ಡ್ರಾಯಿಂಗ್ ಮಾಸ್ತರ ಆಗ್ತೀರೇನು?’

‘ಇಲ್ರಿ.’

‘ಇತಿಹಾಸದ ಮಾಸ್ತರ?’

‘ಇಲ್ರಿ.’

‘ಚಿತ್ರಾ ತಗಿಯೂದಿಲ್ಲ, ಇತಿಹಾಸ ಕಲಸೂದಿಲ್ಲ. ಎರಡೂ ಬಿಡಾಕ ಎರಡು ವರ್ಷ ಬೇಕೇನ್ರಿ?’

ಹುನಗುಂದ

ಇಲ್ಲಿ ಒಬ್ಬ ಹಿರಿಯ ವಕೀಲರು ಓದುವ ಹುಡುಗರಿಗೆ ಕೈ ಬಿಚ್ಚಿ ಕೊಡುತ್ತಾರೆಂದು ಕೇಳಿ ಹೋದೆ.

‘ಏನ ಓದಾಂವ?’

‘ಗುಡಿ, ಗವಿ, ಮೂರ್ತಿ ಬಗ್ಗೆರಿ. ಬರೋಡಾದಾಗ.’

ವಕೀಲರು ಒಳಗೆ ಮುಖ ಮಾಡಿ ಹೆಂಡತಿಯನ್ನು ಕೂಗಿದರು. ‘ಏ, ಇಲ್ಲಿ ಬಾ! ಬಾದಾಮಿ ಹುಡುಗ ಗವಿ ನೋಡಾಕ ಬರೋಡಾಕ ಹೊಂಟಾನ!’

ಆಕೆ ಬಂದು ನೋಡಿ, ಒಂದು ಲೋಟ ಮಜ್ಜಿಗೆ ಕೊಟ್ಟರು. ತಲೆ ಕಾದಿದೆ ಎಂದುಕೊಂಡಿರಬೇಕು.

ವಕೀಲರು ಕೊಟ್ಟದ್ದು ಪಟ್ಟದಕಲ್ಲಿನ ಬಸ್ ಚಾರ್ಜು. ‘ನೋಡಿ ಬಾ. ಸಂಜಿಗೆ ಮನಿ ಮುಟ್ಟತೀ.’

ಇಳಕಲ್ಲ

ಉಳಿದದ್ದು ನಾಲ್ಕು ದಿನ. ಸೀರೆ ವ್ಯಾಪಾರದ ಸಾಹುಕಾರರೊಬ್ಬರ ಅಂಗಡಿಗೆ ಹೋದೆ. ಅವರು ಏನೇ ದಾನ ಕೊಟ್ಟರೂ ಅದರ ಮೇಲೆ ಹೆಸರು ಬರೆಸುತ್ತಿದ್ದರು. ಸಾಲೆಯ ಬೆಂಚು, ಗುಡಿಯ ಗಂಟೆ, ಛತ್ರದ ಫ್ಯಾನಿನ ಮೂರೂ ರೆಕ್ಕೆ.

ಹಳೆಯ ಗುಡಿಗಳ ಬಗ್ಗೆ ಓದಲು ಹೊರಟಿದ್ದೇನೆ ಎಂದೆ. ‘ಆ ಗುಡಿ ಯಾರು ಕಟ್ಟಿಸಿದ್ರು ಅಂತ ಹೆಂಗ ಗೊತ್ತಾಗ್ತೈತೋ?’ ಎಂದರು.

‘ಕಲ್ಲಾಗ ದಾನಿಗಳ ಹೆಸರು ಕೆತ್ತಿರ್ತಾರ್ರಿ.’

‘ಇನ್ನೂ ಐತಿ?’

‘ಸಾವಿರ ವರ್ಷ ಆತು, ಐತ್ರಿ.’

ಸಾಹುಕಾರರು ಗಾದಿಯ ಮೇಲೆ ನೆಟ್ಟಗಾದರು. ‘ಪೂರಾ ಖರ್ಚು ನಂದು!’

ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಹಿಂದೆ ತಿರುಗಿಸಿಯೂ ನೋಡಿದರು. ‘ನಿನ್ನ ಮ್ಯಾಲ ಎಲ್ಲಿ ಬರಸೂದು? ಫ್ಯಾನಿಗರೆ ರೆಕ್ಕಿ ಇರ್ತಾವು.’

ಕೊನೆಗೆ ಒಂದು ಟ್ರಂಕು ತರಿಸಿದರು. ಪೇಂಟರ್ ಅದರ ನಾಲ್ಕೂ ಮಗ್ಗುಲಿಗೆ ಅವರ ಹೆಸರು ಬರೆದ. ಅಲ್ಲಿನವರಿಗೂ ತಿಳಿಯಲಿ ಎಂದು ಹಿಂದಿಯಲ್ಲಿ. ‘ದಾನಿಗಳು’ ಎಂಬ ಮಾತಿಗೆ ಜಾಗ ಸಾಲಲಿಲ್ಲ.

ಬರೋಡಾದ ಹಾಸ್ಟೆಲಿನ ಕಾವಲುಗಾರ ಟ್ರಂಕು ನೋಡಿ ಆ ಹೆಸರನ್ನೇ ನನ್ನ ಕೋಣೆಯ ಬಾಗಿಲಿಗೆ ಬರೆದ. ಹುಡುಗರು ಹಾಗೇ ಕರೆದರು. ಮೇಷ್ಟ್ರೂ ಹಾಗೇ ಕರೆದರು. ತಿದ್ದಿ ತಿದ್ದಿ ಬಾಯಿ ಒಣಗಿತು. ಅವ್ವ ನನ್ನ ಹೆಸರಿಗೆ ಬರೆಸಿದ ಪತ್ರ ‘ಈ ಹೆಸರಿನವರು ಇಲ್ಲಿಲ್ಲ’ ಎಂದು ಬಾದಾಮಿಗೆ ವಾಪಸು ಹೋಯಿತು. ಅವ್ವ ಮೂರು ದಿನ ಉಣ್ಣಲಿಲ್ಲವಂತೆ.

ಎರಡು ವರ್ಷ ಮುಗಿಸಿ ಇಳಕಲ್ಲಿಗೆ ಹೋಗಿ ಸಾಹುಕಾರರಿಗೆ ನಮಸ್ಕಾರ ಮಾಡಿದೆ. ಅವರು ಪಾಸಾದೆಯಾ ಎಂದು ಕೇಳಲಿಲ್ಲ.

‘ಹೆಸರು ಉಳದೈತೇನೋ?’

‘ನಿಮ್ದು ಉಳದೈತ್ರಿ,’ ಎಂದೆ. ‘ನಂದು ಹೋಗೇತಿ.’