ಕೆಂಪಾದ ಮೇಲೆ ಹಳದಿ

ಮೂರು ನಾಲ್ಕು ವರ್ಷದ ಮಕ್ಕಳಿಗೆ ಪಾಠ ಹೇಳೋರ ಮರ್ಯಾದೆ ಹೋಗೋಕೆ ದೊಡ್ಡ ಕಾರಣವೇನೂ ಬೇಡ. ಬೆಳಿಗ್ಗೆ ಬಾಗಿಲು ತೆಗೆದರೆ ಸಾಕು, ಅದು ತಾನಾಗೇ ಹೋಗ್ತಾ ಇರುತ್ತೆ. ನಂದು ಹೋಗೋಕೆ ಶುರುವಾಗಿದ್ದು ಐವತ್ತರ ದಶಕದ ಕೊನೆಯಲ್ಲಿ, ಜಯನಗರದ ಒಂದು ಶಿಶುವಿಹಾರದಲ್ಲಿ.

ಆಗಿನ್ನೂ ಅಲ್ಲಿ ಎಲ್ಲಿ ನೋಡಿದರೂ ಮನೆ ಕಟ್ಟೋರು. ಬಡಗಿಗಳು ಬಾಗಿಲ ಚೌಕಟ್ಟಿಗೆ ಕೊಯ್ದು ಬಿಸಾಕಿದ ಮರದ ತುಂಡುಗಳನ್ನ ಆಯ್ಕೊಂಡು ಬಂದೆ. ಚೆನ್ನಾಗಿ ಉಜ್ಜಿ, ಅರ್ಧಕ್ಕೆ ಕೆಂಪು, ಅರ್ಧಕ್ಕೆ ಹಳದಿ ಬಣ್ಣ ಬಳಿದೆ. ಕೆಂಪು, ಹಳದಿ, ಕೆಂಪು, ಹಳದಿ ಅಂತ ಸಾಲು ಜೋಡಿಸಿ, "ಮುಂದೆ ಯಾವುದು?" ಅಂತ ಕೇಳೋದು. ಮುಂದಿನದು ಯಾವುದು ಅಂತ ಮಗು ತಾನೇ ಕಂಡುಕೊಂಡರೆ ಲೆಕ್ಕ ಕಲಿಯೋಕೆ ಶುರು ಮಾಡಿದ ಹಾಗೇ ಅಂತ ಟ್ರೈನಿಂಗಿನಲ್ಲಿ ನನಗೆ ಹೇಳಿಕೊಟ್ಟಿದ್ದರು. ಅಪ್ಪ ಅಮ್ಮಂದಿರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವರು ಹೋಗಿ ಅಧ್ಯಕ್ಷರ ಹತ್ತಿರ ದೂರು ಹೇಳಿದರು.

ಶಿಶುವಿಹಾರದ ಕಮಿಟಿಗೆ ಅಧ್ಯಕ್ಷರು ಒಬ್ಬ ರಿಟೈರ್ಡ್ ಅಮಲ್ದಾರರು. ನನ್ನನ್ನ ಕರೆಸಿ, "ನೋಡಮ್ಮ, ಸೌದೆ ಜೋಡಿಸೋದು ಕಲಿಸೋಕೆ ನಾವು ಸ್ಕೂಲು ತೆಗೆದಿಲ್ಲ. ದಸರಾ ರಜ ಮುಗಿದ ಮೇಲೆ ಕಮಿಟಿಯವರನ್ನ ಕರ್ಕೊಂಡು ಬರ್ತೀನಿ. ಮಕ್ಕಳು ಏನಾದರೂ ಕಲಿತಿರೋದು ಕಾಣಲಿಲ್ಲ ಅಂದ್ರೆ ಬೀಗ ಹಾಕ್ಬಿಡೋಣ" ಅಂದರು.

ನನಗೆ ನಿಜವಾಗಲೂ ಭಯವಾಯಿತು. ಕೆಲಸದಲ್ಲಿ ಇರೋ ತನಕ ಮದುವೆ ಮಾತು ಎತ್ತೋದಿಲ್ಲ ಅಂತ ನಮ್ಮಪ್ಪ ಒಪ್ಪಿದ್ದರು. ಶಿಶುವಿಹಾರಕ್ಕೆ ಬೀಗ ಬಿದ್ದರೆ ಅವತ್ತು ಸಾಯಂಕಾಲವೇ ನನ್ನ ಜಾತಕ ಪೆಟ್ಟಿಗೆಯಿಂದ ಈಚೆ ಬರೋದು ಗ್ಯಾರಂಟಿ. ಅದೂ ಅಲ್ಲದೆ ಆ ಪಿಳ್ಳೆಗಳನ್ನ ಬಿಟ್ಟಿರೋಕೆ ನನ್ನ ಕೈಲಿ ಆಗ್ತಾನೂ ಇರಲಿಲ್ಲ.

ಹಸು ಮೇಯ್ದದ್ದು

ಪಕ್ಕದ ಹಳ್ಳಿಯಿಂದ ಒಬ್ಬ ರೈತರ ಹುಡುಗ ಬರ್ತಿದ್ದ. ಒಂದು ದಿನ ನಾಲ್ಕು ಕೆಂಪು ಇಟ್ಟು ಒಂದು ಹಳದಿ, ಮತ್ತೆ ನಾಲ್ಕು ಕೆಂಪು ಇಟ್ಟು ಒಂದು ಹಳದಿ, ಹೀಗೆ ಗೋಡೆ ತನಕ ಜೋಡಿಸಿದ.

"ಇದೇನೋ ಇದು?"

"ಹೊಲ ಮಿಸ್. ಕೆಂಪು ರಾಗಿ ಸಾಲು. ಹಳದಿ ಅವರೆ ಸಾಲು."

ನನಗಂತೂ ಖುಷಿಯೋ ಖುಷಿ. ಆದರೆ ಸಾಲಿನ ಮಧ್ಯೆ ಒಂದು ಕಡೆ ಹಳದಿ ಇರಬೇಕಾದ ಜಾಗ ಖಾಲಿ.

"ಇಲ್ಲಿ ಅವರೆ ಎಲ್ಲೋ?"

"ಹಸು ಮೇಯ್ತು ಮಿಸ್. ಇವರ ಮನೆ ಹಸು" ಅಂತ ಪಕ್ಕದಲ್ಲಿದ್ದ ಹುಡುಗಿಯನ್ನ ತೋರಿಸಿದ.

ಸುಳ್ಳು ಹೇಳಬಾರದು ಅಂತ ಅವನಿಗೆ ಬುದ್ಧಿ ಹೇಳೋಕೆ ಹೊರಟೆ. ಅಷ್ಟರಲ್ಲಿ ಆ ಹುಡುಗಿ ಎದ್ದು ನಿಂತಳು. ಲಂಗದ ಮಡಿಕೆಯಿಂದ ಹಳದಿ ತುಂಡು ಟಪ್ ಅಂತ ಬಿತ್ತು. ಅವಳು ಗೋಳೋ ಅಂತ ಅಳುತ್ತಾ ಹೇಳಿದಳು:

"ಅದಕ್ಕೆ ಹಸಿವಾಗಿತ್ತು ಮಿಸ್!"

ಹೆಣ್ಣು ನೋಡೋಕೆ ಬಂದವರು

ಇನ್ನೊಬ್ಬ ಹುಡುಗನ ಅಕ್ಕನನ್ನ ನೋಡೋಕೆ ಗಂಡಿನ ಕಡೆಯವರು ಬಂದಿದ್ದರು. ಒಳಗೆ ಉಪ್ಪಿಟ್ಟು, ಕೇಸರಿಬಾತು, ಹುಡುಗಿಯ ಹಾಡು. ಹೊರಗೆ ಜಗಲಿ ಮೇಲೆ ನಮ್ಮ ಶಿಷ್ಯ ಒಬ್ಬನೇ, ಎದುರಿಗೆ ಅಷ್ಟೂ ಜನರ ಚಪ್ಪಲಿ. ಅವನು ಸುಮ್ಮನೆ ಕೂರ್ತಾನಾ? ಕರಿದು, ಕಂದು, ಕರಿದು, ಕಂದು ಅಂತ ಶಿಸ್ತಾಗಿ ಜೋಡಿಸಿಟ್ಟ.

ಗಂಡಿಗೋ ಮೊದಲೇ ನಾಚಿಕೆ. ತಲೆ ಬಗ್ಗಿಸಿಕೊಂಡು ಈಚೆ ಬಂದು, ಒಟ್ಟಿಗಿದ್ದ ಎರಡು ಚಪ್ಪಲಿ ಮೆಟ್ಟಿಕೊಂಡು ನಡೆದೇಬಿಟ್ಟ. ಬಸ್ ಸ್ಟಾಪಿನಲ್ಲಿ ನೋಡಿಕೊಂಡರೆ ಒಂದು ಕಾಲಲ್ಲಿ ತನ್ನದು, ಇನ್ನೊಂದು ಕಾಲಲ್ಲಿ ಭಾವೀ ಮಾವನದು. ವಾಪಸ್ ಓಡಿ ಬಂದ. ಬಾಗಿಲು ತೆಗೆದವಳು ಹುಡುಗಿಯೇ. ಅವನ ಕಾಲು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ತಲೆ ತಗ್ಗಿಸಿ ಹಾಡಿದಾಗ ಇನ್ನೂ ಯೋಚನೆ ಮಾಡ್ತಿದ್ದವನು, ಆ ನಗು ನೋಡಿ ಅಲ್ಲೇ ಒಪ್ಪಿಬಿಟ್ಟ.

ನಮ್ಮ ಶಿಷ್ಯನ ತಾಯಿ ನನಗೆ ಬೈಯೋಕೆ ಬರ್ತಾರೆ ಅಂದುಕೊಂಡಿದ್ದೆ. ಬಂದೋರು ಲಗ್ನಪತ್ರಿಕೆ ಕೊಟ್ಟರು. ಹೊರಡುವಾಗ ಮೆಲ್ಲಗೆ ಅಂದರು: "ಛತ್ರದಲ್ಲಿ ಮುನ್ನೂರು ಜನ ಸೇರ್ತಾರೆ ಮಿಸ್. ಮದುವೆ ದಿನ ಇವನನ್ನ ನೀವೇ ಹಿಡ್ಕೊಂಡಿರಿ."

ರಾಜನ ಪಕ್ಕ ಶೆಟ್ಟಮ್ಮ

ಅಧ್ಯಕ್ಷರ ಮೊಮ್ಮಗಳೂ ನನ್ನ ಹತ್ತಿರವೇ ಓದ್ತಿದ್ದಳು. ನವರಾತ್ರಿಯಲ್ಲಿ ಅವರ ಮನೆಗೆ ಗೊಂಬೆ ನೋಡೋಕೆ ಹೋದೆ. ಹಜಾರದ ತುಂಬಾ ಹೆಂಗಸರು, ಎಲ್ಲರೂ ಗೊಂಬೆಗಳ ಕಡೆಗೇ ನೋಡ್ತಿದ್ದಾರೆ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ರಾಜನ ಪಕ್ಕ ಕುಳ್ಳಿ ಶೆಟ್ಟಮ್ಮ ಗಮ್ಮತ್ತಾಗಿ ನಿಂತಿದ್ದಾಳೆ. ಕೆಳಗೆ ಅಕ್ಕಿ, ಬೇಳೆ ಗುಡ್ಡೆಗಳ ಹಿಂದೆ ರಾಣಿ, ಶೆಟ್ಟರ ಜೊತೆ ಅಂಗಡಿ ನಡೆಸ್ತಿದ್ದಾಳೆ!

"ಅಯ್ಯೋ ರಾಮ! ಏನೇ ಇದು ಅವಾಂತರ?" ಅಂತ ಅಧ್ಯಕ್ಷರ ಹೆಂಡತಿ ಮೊಮ್ಮಗಳನ್ನ ಹಿಡಿದರು.

"ಉದ್ದ, ಗಿಡ್ಡ, ಉದ್ದ, ಗಿಡ್ಡ, ಅಜ್ಜಿ. ನಮ್ಮ ಮಿಸ್ ಹೇಳಿಕೊಟ್ರು."

ಎಲ್ಲರೂ ನನ್ನ ಕಡೆ ತಿರುಗಿದರು. ರೂಮಿನ ಬಾಗಿಲಲ್ಲಿ ನಿಂತಿದ್ದ ಅಧ್ಯಕ್ಷರು ಕನ್ನಡಕದ ಮೇಲಿಂದ ನೋಡುತ್ತಾ ಅಂದರು: "ರಾಣೀನ ಅಂಗಡೀಲಿ ಕೂರಿಸಿದ್ದಾಯ್ತು. ಸೋಮವಾರ ಬರ್ತೀವಮ್ಮ, ಇನ್ನೇನೇನು ಕಲಿಸಿದ್ದೀರಿ ನೋಡೋಣ."

ಕಮಿಟಿ ಬಂತು

ಸೋಮವಾರ ನಾನು ಹೆದರಿ ಮರದ ತುಂಡುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಬಚ್ಚಿಟ್ಟೆ. ಎಲ್ಲರ ಕೈಗೂ ಸ್ಲೇಟು ಕೊಟ್ಟು, "ಯಾರೂ ತುಟಿ ಬಿಚ್ಚಕೂಡದು. ಒಂದು, ಎರಡು ಬರೀರಿ" ಅಂತ ಕಣ್ಣು ಬಿಟ್ಟೆ.

ಕಮಿಟಿಯವರು ಬಂದು ಬೆಂಚಿನ ಮೇಲೆ ಸಾಲಾಗಿ ಕೂತರು. ಮೊದಲನೆಯವರಿಗೆ ಜರಿ ಪೇಟ. ಎರಡನೆಯವರು ಬರಿ ತಲೆ. ಮೂರನೆಯವರಿಗೆ ಪೇಟ, ನಾಲ್ಕನೆಯವರು ಬರಿ ತಲೆ. ಕೊನೆಗೆ ಅಧ್ಯಕ್ಷರು. ಸೆಕೆ ಅಂತ ಅವರು ತಮ್ಮ ಪೇಟ ತೆಗೆದು ತೊಡೆ ಮೇಲೆ ಇಟ್ಟುಕೊಂಡರು.

ಒಂದು ಮಗುವೂ ಬರೀತಾ ಇಲ್ಲ. ಎಲ್ಲರ ಕಣ್ಣೂ ಬೆಂಚಿನ ಮೇಲೆ. ರೈತರ ಹುಡುಗ ಬೆರಳು ಮುಂದೆ ಮಾಡಿ ಶುರು ಮಾಡಿದ: "ಪೇಟ, ತಲೆ, ಪೇಟ, ತಲೆ..."

ಅಧ್ಯಕ್ಷರ ಮೊಮ್ಮಗಳು ಎದ್ದು ನಿಂತು ಕಿರುಚಿದಳು: "ಮಿಸ್! ತಾತ ತಪ್ಪು!"

ನಾನು ಹಿಡಿಯೋದರೊಳಗೆ ಓಡಿಹೋಗಿ ಬೆಂಚು ಹತ್ತಿ, ತಾತನ ತೊಡೆ ಮೇಲಿದ್ದ ಪೇಟ ಎತ್ತಿ ಅವರ ತಲೆಗೆ ಸೊಟ್ಟಗೆ ಒತ್ತಿದಳು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಧ್ಯಕ್ಷರು ಬಗ್ಗಿ ಬೆಂಚಿನ ಆ ತುದಿ ನೋಡಿದರು. ಒಂದೊಂದೇ ತಲೆ ನೋಡಿಕೊಂಡು ಬಂದು, ಕೊನೆಗೆ ತಮ್ಮ ತಲೆ ಮುಟ್ಟಿ ನೋಡಿಕೊಂಡರು.

ಅಷ್ಟರಲ್ಲಿ ಕಮಿಟಿಯ ಸೆಕ್ರೆಟರಿ ಬೆವರು ಸುರಿಸುತ್ತಾ ಒಳಗೆ ಬಂದರು. ತಲೆ ಮೇಲೆ ದೊಡ್ಡ ಪೇಟ, ಕೈಯಲ್ಲಿ ಅದಕ್ಕಿಂತ ದೊಡ್ಡ ಬೀಗ.

"ಕ್ಷಮಿಸಿ ಸಾರ್, ಲೇಟಾಯ್ತು. ಗಟ್ಟಿ ಬೀಗ ಹುಡುಕ್ತಾ ಇದ್ದೆ. ಹಾಕೇಬಿಡೋಣವಾ?" ಅಂತ ಅಧ್ಯಕ್ಷರ ಪಕ್ಕ ಕೂತರು.

ಮಕ್ಕಳೆಲ್ಲ ಒಟ್ಟಿಗೆ ಉಸಿರೆಳೆದುಕೊಂಡರು. ನಾನು ಕಣ್ಣು ಬಿಟ್ಟೆ ಅಂತ ಒಬ್ಬರೂ ಬಾಯಿ ತೆಗೆಯಲಿಲ್ಲ. ಬಾಯಿ ತೆಗೆದವರು ಅಧ್ಯಕ್ಷರು.

"ಬೀಗ ಹಾಗಿರಲಿ ಕಣ್ರೀ, ಮೊದಲು ಆ ಪೇಟ ತೆಗೀರಿ. ಪೇಟ ನಂದಾಯ್ತು, ಈಗ ತಲೆ ಬರಬೇಕು!"